ಮನೆಗೊಂದು ಗಂಟು

'ಬೆಂಕಿ ಬಿದ್ದಾಗ ಬಾವಿ ತೋಡಿದರು' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆಯಿರೆಂದರೆ ನಾವೆಲ್ಲರೂ ಒಂದು ಪುಟ ತುಂಬಿಸಿ ಅಂಕ ಗಳಿಸಬಲ್ಲೆವು. ಆದರೆ ಬೆಂಕಿ ಬೀಳುವುದಕ್ಕೆ ಮುಂಚೆಯೇ ಬಾವಿ ತೋಡಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಈ ಪ್ರಶ್ನೆಯನ್ನು ನಾನು ಇತರರಿಗೆ ಕೇಳುವ ಮೊದಲು ನನಗೇ ಕೇಳಿಕೊಳ್ಳಬೇಕಾದ ಪ್ರಸಂಗ ಬಂದಿತು. ಆ ಪ್ರಸಂಗವನ್ನೂ, ಅದರಿಂದ ನನಗೆ ಹೊಳೆದ ನಾಲ್ಕು ಮಾತುಗಳನ್ನೂ ಕಾಲೇಜಿನ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮದು ಮಲಪ್ರಭೆಯ ದಂಡೆಯ ಮೇಲಿನ ಒಂದು ಹಳ್ಳಿ. ಎರೆಯ ಭೂಮಿ, ಜೋಳ, ಕಡಲೆ, ಗೋಧಿ ನಮ್ಮ ಬೆಳೆ. 2018ರಲ್ಲಿ ಮಳೆ ಕೈಕೊಟ್ಟು ಬರ ಬಿದ್ದಿತ್ತು. ಮರುವರ್ಷ, 2019ರ ಆಗಸ್ಟ್ ತಿಂಗಳ ಮೊದಲ ಹತ್ತು ದಿನಗಳಲ್ಲಿ, ಘಟ್ಟದ ಕಡೆ ಸುರಿದ ಮಳೆಗೆ ನವಿಲುತೀರ್ಥದ ಅಣೆಕಟ್ಟು ತುಂಬಿ, ಬಿಟ್ಟ ನೀರು ನದಿಯ ಪಾತ್ರವನ್ನು ಮೀರಿ ಊರೊಳಕ್ಕೆ ನುಗ್ಗಿತು. ಹಿಂದಿನ ವರ್ಷ ನೀರಿಲ್ಲವೆಂದು ಅತ್ತವರು ಈ ವರ್ಷ ನೀರು ಬಂತೆಂದು ಅತ್ತೆವು. ನಾನು ಆಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿ.

ನಡುರಾತ್ರಿ ಡಂಗುರ ಕೇಳಿ ಎದ್ದಾಗ ಅಂಗಳದಲ್ಲಿ ಮೊಳಕಾಲುದ್ದ ನೀರು. ಮನೆಯಲ್ಲಿ ಒಬ್ಬರಿಗೂ ಏನು ಮಾಡಬೇಕೆಂಬುದು ತೋಚಲಿಲ್ಲ. ಒಬ್ಬರು ಟಿ. ವಿ.ಯನ್ನು ಎತ್ತಿದರು, ಇನ್ನೊಬ್ಬರು ಹಾಸಿಗೆ ಸುತ್ತಿದರು. ನಾನು ಮೊಬೈಲಿನ ಚಾರ್ಜರನ್ನು ಹುಡುಕುತ್ತಿದ್ದೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅಜ್ಜಿ ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ದೇವರ ಕೋಣೆಯ ಜಂತಿಯ ಗೂಟಕ್ಕೆ ತೂಗುಹಾಕಿದ್ದ ಒಂದು ಗಂಟನ್ನು ಇಳಿಸಿ ಬಗಲಿಗೆ ಹಾಕಿಕೊಂಡು, 'ದನದ ಹಗ್ಗ ಬಿಚ್ಚಿರಿ, ನಡೆಯಿರಿ' ಎಂದಳು. ಆ ಗಂಟನ್ನು ನಾವು ಮೊಮ್ಮಕ್ಕಳು ಎಷ್ಟೋ ಸಲ ಗೇಲಿ ಮಾಡಿದ್ದೆವು. ಎತ್ತರದ ಶಾಲೆಯ ಕಟ್ಟಡದಲ್ಲಿ ಅದನ್ನು ಬಿಚ್ಚಿದಾಗ ಅದರೊಳಗೆ ಇದ್ದವು ಇವು: ಹೊಲದ ಕಾಗದಗಳು ಮತ್ತು ಪಡಿತರ ಚೀಟಿ, ಮೇಣಗಪಡದಲ್ಲಿ ಸುತ್ತಿ ಹೊಲಿದದ್ದು, ಮೂವತ್ತು ಕಟಕು ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ಒಂದು ಅಚ್ಚು, ಉಪ್ಪು, ಡಬ್ಬಿಯಲ್ಲಿಟ್ಟ ಕಡ್ಡಿಪೆಟ್ಟಿಗೆ, ಒಂದು ಚಾಕು, ಹತ್ತು ಮೊಳ ಹಗ್ಗ, ಹತ್ತು ಇಪ್ಪತ್ತರ ನೋಟುಗಳಲ್ಲಿ ಏಳುನೂರು ರೂಪಾಯಿ. ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವೆಂಬುದು ನಮ್ಮ ಸೀಮೆಯವರಿಗೆ ಹೇಳಬೇಕಾದ ಮಾತಲ್ಲ. ಮರುದಿನ ಮಧ್ಯಾಹ್ನ ಹೊರಗಿನಿಂದ ಊಟ ಬರುವವರೆಗೆ ನಮ್ಮ ಮನೆಯ ಏಳು ಜನ, ನೆರೆಮನೆಯ ಒಂಬತ್ತು ಜನ ಆ ರೊಟ್ಟಿಯನ್ನೇ ಮುರಿದು ತಿಂದೆವು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ, 'ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಸ' ಎಂಬ ತೀರ್ಪಿಗೆ ಬಂದು ಕೈತೊಳೆದುಕೊಳ್ಳಬಹುದು. ಅಂಥ ಲೇಖನಗಳಿಗೆ ಬರಗಾಲವೇನೂ ಇಲ್ಲ. ಆದರೆ ನಡೆದ ಸಂಗತಿ ಅಷ್ಟು ಸರಳವಾಗಿಲ್ಲ.

ನಮ್ಮ ಮನೆಯ ಮುಂದೆ ಒಂದು ಹಗೇವು ಇತ್ತು. ಹಗೇವೆಂದರೆ ಜೋಳವನ್ನು ಸಂಗ್ರಹಿಸುವ ನೆಲದೊಳಗಿನ ಗುಂಡಿ. ಒಳಗೋಡೆಗೆ ಹುಲ್ಲು ಒಟ್ಟಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡಿ ಪ್ರಾಣವಾಯು ತೀರಿದ ಮೇಲೆ ಹುಳ ಬದುಕುವುದಿಲ್ಲ. ಆದುದರಿಂದಲೇ ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಕೂಡದೆಂಬ ಕಟ್ಟಳೆಯೂ ಇದರಿಂದಲೇ ಹುಟ್ಟಿತು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ರಸಾಯನಶಾಸ್ತ್ರದ ಹೆಸರನ್ನೂ ಕೇಳದವರು ಕಂಡುಕೊಂಡ ಈ ವಿದ್ಯೆಗೆ ತಲೆಬಾಗಲೇಬೇಕು. ಬರಕ್ಕೆ ಇದಕ್ಕಿಂತ ದೊಡ್ಡ ಔಷಧವಿರಲಿಲ್ಲ. 1876ರಿಂದ 1878ರವರೆಗಿನ ಕ್ಷಾಮವು ಎಂಥದಿತ್ತೆಂಬುದನ್ನು ಜನಗಣತಿಯೇ ಹೇಳುತ್ತದೆ: ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ನಮ್ಮ ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳೂ ಅದೇ ಕ್ಷಾಮದಲ್ಲಿ ಬೆಂದವು. ಅಂಥ ನೆಲದಲ್ಲಿ ಹಗೇವು ತುಂಬಿದ ಮನೆಗೆ ಇದ್ದ ಧೈರ್ಯವೇ ಬೇರೆ.

ಆದರೆ ನೆರೆಗೆ? ನೀರು ಇಳಿದ ಮೇಲೆ ಹಿಂದಿರುಗಿ ಚಪ್ಪಡಿ ಎತ್ತಿದಾಗ ಬಂದ ಹುಳಿವಾಸನೆಯನ್ನು ನಾನು ಮರೆಯಲಾರೆ. ಜೋಳವೆಲ್ಲ ನೀರು ಕುಡಿದು, ಉಬ್ಬಿ, ಮೊಳೆತು, ಕೊಳೆತಿತ್ತು. ಬರಕ್ಕೆಂದು ಮಾಡಿದ ಸಿದ್ಧತೆ ನೆರೆಯಲ್ಲಿ ನಮ್ಮನ್ನು ಉಳಿಸಲಿಲ್ಲ. ಕೂಡಿಟ್ಟದ್ದನ್ನೆಲ್ಲ ಒಂದೇ ಕಡೆ ಕೂಡಿಟ್ಟದ್ದರಿಂದ ನಷ್ಟವೇ ಹೆಚ್ಚಾಯಿತು.

ಎರಡನೆಯ ಸಂಗತಿ ಇನ್ನೂ ಕಹಿಯಾದದ್ದು. ನಮ್ಮ ತಂದೆಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇದ್ದು, ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಜ್ಜಿಯ ಗಂಟಿನಲ್ಲಿ ಎಲ್ಲವೂ ಇದ್ದವು, ಮಾತ್ರೆ ಇರಲಿಲ್ಲ. ಹೇಗೆ ಇದ್ದೀತು? ಆ ಗಂಟು ಕಟ್ಟುವ ಪದ್ಧತಿ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತ್ರೆ ನುಂಗುತ್ತಿರಲಿಲ್ಲ. ಮೂರನೆಯ ದಿನ ತಂದೆ ತಲೆತಿರುಗಿ ಬಿದ್ದರು. ಶಿಬಿರಕ್ಕೆ ಬಂದ ವೈದ್ಯರು, 'ಯಾವ ಮಾತ್ರೆ? ಎಷ್ಟು ಮಿಲಿಗ್ರಾಂ?' ಎಂದು ಕೇಳಿದರು. ಪ್ರತಿ ತಿಂಗಳೂ ಆ ಚೀಟಿಯನ್ನು ತಂದೆಗೆ ಓದಿ ಹೇಳುತ್ತಿದ್ದವನು ನಾನೇ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನು ನಾನೊಬ್ಬನೇ. ಆದರೂ ನಾನು ಕೊಟ್ಟ ಉತ್ತರ: 'ಒಂದು ಬಿಳಿಯದು, ಒಂದು ಗುಲಾಬಿ ಬಣ್ಣದ್ದು'. ವೈದ್ಯರು ಬೈಯಲಿಲ್ಲ. ಪರೀಕ್ಷಿಸಿ ಔಷಧ ಕೊಟ್ಟರು, ತಂದೆ ಚೇತರಿಸಿಕೊಂಡರು. ಆದರೆ ಓದು ಬಾರದ ಅಜ್ಜಿ ತನ್ನ ಪಾಲಿನ ಕೆಲಸವನ್ನು ಮುಗಿಸಿದ್ದಳು, ಓದು ಬಲ್ಲ ನಾನು ನನ್ನ ಪಾಲಿನದನ್ನು ಮಾಡಿರಲಿಲ್ಲ ಎಂಬುದು ಅಂದಿನಿಂದ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಈ ಎರಡು ಅನುಭವಗಳಿಂದ ನಾನು ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮುನ್ನೆಚ್ಚರಿಕೆಯೆಂಬುದು ಹಿರಿಯರಿಂದ ಬರುವ ಆಸ್ತಿಯಂತೆ ಇಟ್ಟುಕೊಂಡಿದ್ದರೆ ಸಾಲದು. ಪ್ರತಿಯೊಂದು ತಲೆಮಾರೂ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತಿರಬೇಕು.

ಮೊದಲನೆಯದಾಗಿ, ನಮ್ಮ ನಮ್ಮ ಮನೆಗೆ ಬರಬಹುದಾದ ಆಪತ್ತು ಯಾವುದೆಂಬುದನ್ನು ತಿಳಿಯಬೇಕು. ಎಲ್ಲರಿಗೂ ಒಂದೇ ಮದ್ದಿಲ್ಲ. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜರಿದುಬಿದ್ದವು. ಅಲ್ಲಿಯವರು ಗುಡ್ಡದ ಬಿರುಕನ್ನೂ, ಇದ್ದಕ್ಕಿದ್ದಂತೆ ಕೆಸರಾಗುವ ತೊರೆಯ ನೀರನ್ನೂ ಗಮನಿಸಬೇಕು. ಬಯಲುಸೀಮೆಯವನಿಗೆ ಬರ ಮತ್ತು ಸಿಡಿಲು, ನದಿಯ ದಂಡೆಯವನಿಗೆ ನೆರೆ. ಪಟ್ಟಣದವರಿಗೆ ಏನೂ ಇಲ್ಲವೆಂದಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನಂಥ ಬೆಂಗಳೂರೇ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ದಾರಿ ಕಾಯಿತು. ಊರಿನ ಮುದುಕರನ್ನು ಕೂರಿಸಿಕೊಂಡು, 'ನೀವು ಕಂಡಂತೆ ನೀರು ಎಲ್ಲಿಯವರೆಗೆ ಬಂದಿತ್ತು? ಯಾವ ಬಾವಿ ಎಂದೂ ಬತ್ತಿಲ್ಲ?' ಎಂದು ಕೇಳಿದರೆ ಅರ್ಧ ವಿದ್ಯೆ ಅಲ್ಲಿಯೇ ದೊರೆಯುತ್ತದೆ.

ಎರಡನೆಯದಾಗಿ, ಗಂಟು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಕಾಗದಪತ್ರಗಳ ನಕಲು, ಸಾಧ್ಯವಾದರೆ ಮೂಲವೂ ಸಹ, ನೀರು ತಾಗದ ಚೀಲದಲ್ಲಿರಲಿ; ಡಿಜಿಲಾಕರಿನಲ್ಲಿಯೂ ಒಂದು ಪ್ರತಿ ಇರಲಿ. ಔಷಧ ತೆಗೆದುಕೊಳ್ಳುವವರ ಒಂದು ವಾರದ ಮಾತ್ರೆ, ಅದರ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಇರಲಿ. ಅವಧಿ ಮುಗಿಯುವ ಮುನ್ನ ಬದಲಿಸುತ್ತಿರಬೇಕು. ಬೇಯಿಸದೆ ತಿನ್ನಬಹುದಾದ ಆಹಾರ, ಅಂದರೆ ಅವಲಕ್ಕಿ, ಹುರಿಗಡಲೆ, ಬೆಲ್ಲ, ಕಟಕು ರೊಟ್ಟಿ, ಮೂರು ದಿನಕ್ಕಾಗುವಷ್ಟು. ಬ್ಯಾಟರಿ ದೀಪ, ಕಡ್ಡಿಪೆಟ್ಟಿಗೆ, ಹಗ್ಗ, ಸೀಟಿ, ಶುಭ್ರವಾದ ಹತ್ತಿಬಟ್ಟೆ, ಹೆಣ್ಣುಮಕ್ಕಳಿಗೆ ಬೇಕಾದ ಬಟ್ಟೆ. ಚಿಲ್ಲರೆ ನೋಟುಗಳು ಅವಶ್ಯ. ವಿದ್ಯುತ್ತು ಹೋದಾಗ ಮೊಬೈಲಿನಲ್ಲಿರುವ ಹಣ ಇದ್ದೂ ಇಲ್ಲದಂತೆ. ಕೊನೆಯದಾಗಿ ಒಂದು ಕಾಗದದಲ್ಲಿ ಬಂಧುಗಳ ದೂರವಾಣಿ ಸಂಖ್ಯೆಗಳು. ನಮ್ಮ ವಸತಿಗೃಹದಲ್ಲಿ ಹನ್ನೆರಡು ಮಿತ್ರರನ್ನು ಕೇಳಿದೆ. ತಾಯಿಯ ಸಂಖ್ಯೆಯನ್ನು ಬಾಯಲ್ಲಿ ಹೇಳಬಲ್ಲವರು ಐವರು ಮಾತ್ರ!

ನೀರಿನ ವಿಷಯದಲ್ಲಿ ಲೆಕ್ಕ ತಿಳಿದಿರಬೇಕು. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರಾದರೂ ಬೇಕು. ಐದು ಜನರ ಮನೆಗೆ ಮೂರು ದಿನಕ್ಕೆ 45 ಲೀಟರು. ಇದು ನಾಲ್ಕು ಕೊಡಗಳ ಮಾತು. ಅನುಮಾನದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಆರಿಸಿ ಕುಡಿಯಬೇಕು. ಇನ್ನು ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲ್ಲಿಮೀಟರ್ ಮಳೆಯಾದರೆ 60,000 ಲೀಟರು! ಅದರಲ್ಲಿ 10,000 ಲೀಟರನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೂ, ಐದು ಜನರಿಗೆ ದಿನಕ್ಕೆ 25 ಲೀಟರಿನಂತೆ ಕುಡಿಯಲು ಮತ್ತು ಅಡಿಗೆಗೆ 400 ದಿನ ಬಂದೀತು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಸೋಸಿ, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡುವುದು ಮುಖ್ಯ. ಆಕಾಶದಿಂದ ಅಂಗಳಕ್ಕೆ ಬಂದುದನ್ನು ಚರಂಡಿಗೆ ಬಿಟ್ಟು, ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವುದು ಜಾಣತನವೆನಿಸುತ್ತದೆಯೇ?

ಮೂರನೆಯದಾಗಿ, ಕೈಯೊಳಗಿನ ವಿದ್ಯೆ. ಸಾಮಾನು ಹೊಳೆಗೆ ಹೋಗಬಹುದು, ಕಲಿತ ವಿದ್ಯೆ ಹೋಗುವುದಿಲ್ಲ. ನೀರು ಮನೆ ಹೊಗುವ ಮುನ್ನ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಬೇಕು. ಅನಿಲದ ಸಿಲಿಂಡರಿನ ರೆಗ್ಯುಲೇಟರು ಮುಚ್ಚಿ, ತೇಲಿಹೋಗದಂತೆ ಕಟ್ಟಬೇಕು. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡುತ್ತದೆ. ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತದೆ ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ತಿಳಿಸಬೇಕು. ಕಾದ ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಹಾಕಕೂಡದು. ಒಲೆ ಆರಿಸಿ, ತಟ್ಟೆಯಿಂದ ಮುಚ್ಚಬೇಕು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಡುವುದೇ ಮದ್ದು. ಶಾಯಿ, ಹಲ್ಲುಪುಡಿ, ತುಪ್ಪ ಬಳಿಯುವುದು ಕೇಡು.

ವಾಂತಿಭೇದಿಯು ನೆರೆಯ ಬೆನ್ನಿಗೇ ಬರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಎರಡನ್ನೂ ಸಮಮಟ್ಟವಾಗಿ ಅಳೆದು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಇದು ಅಲ್ಪವಾದ ಮದ್ದೆಂದು ತಿಳಿಯಬಾರದು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವದ ಬಾಟಲಿಗಳು ತೀರುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪುಗಳ ಇಂಥದೇ ನೀರನ್ನು ಬಾಯಿಂದ ಕುಡಿಸಿ, ನೂರಕ್ಕೆ 30ರಷ್ಟಿದ್ದ ಸಾವನ್ನು 4ಕ್ಕಿಂತ ಕೆಳಕ್ಕೆ ಇಳಿಸಿದರು. ಅವರ ಮರಣಾನಂತರ 2023ರಲ್ಲಿ ದೇಶವು ಪದ್ಮವಿಭೂಷಣವನ್ನಿತ್ತು ಗೌರವಿಸಿತು.

ನೆರೆ ಇಳಿದ ಮೇಲೆ ಹಾವುಗಳು ಒಣಜಾಗ ಹುಡುಕಿಕೊಂಡು ಮನೆಗೆ ಬರುತ್ತವೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕೈಕಾಲು ಅಲುಗಾಡದಂತೆ ಮಲಗಿಸಿ, ಧೈರ್ಯ ಹೇಳಿ, ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದೇ ನಿಜವಾದ ಮುನ್ನೆಚ್ಚರಿಕೆ. ಮಂತ್ರಕ್ಕೆ ಕಳೆದ ಗಂಟೆ ಮರಳಿ ಬಾರದು.

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು. 'ಸರ್ಕಾರವಿರುವುದು ಯಾತಕ್ಕೆ? ಎಲ್ಲವನ್ನೂ ನಾವೇ ಮಾಡಿಕೊಳ್ಳುವುದಾದರೆ ತೆರಿಗೆ ಏಕೆ ಕೊಡಬೇಕು?' ಎಂಬುದು ಒಂದು. ಸರ್ಕಾರ ತನ್ನ ಕೆಲಸವನ್ನು ಮಾಡಲೇಬೇಕು. ಮಾಡದಿದ್ದರೆ ಕೇಳುವ ಹಕ್ಕು ನಮಗುಂಟು. ಮನೆಯಲ್ಲಿ ಗಂಟಿದೆಯೆಂದು ಒಡೆದ ಏರಿಯನ್ನು ಕಟ್ಟದೆ ಬಿಡಲು ಯಾರಿಗೂ ಅಧಿಕಾರವಿಲ್ಲ. ಆದರೆ ಎಂಥ ದಕ್ಷ ಸರ್ಕಾರದ ದೋಣಿಯೂ ನಡುರಾತ್ರಿ ಪ್ರತಿ ಬಾಗಿಲಿಗೆ ಬರಲಾರದು. ಮೊದಲ ಕೆಲವು ಗಂಟೆಗಳು ಮನೆಯವರವು ಮತ್ತು ನೆರೆಯವರವು.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು: 'ಅಂದಂದಿನ ಕೂಲಿಯಿಂದ ಅಂದಂದು ಉಣ್ಣುವವನು ಏನನ್ನು ಕೂಡಿಟ್ಟಾನು?' ಈ ಮಾತಿಗೆ ಹಗುರವಾದ ಉತ್ತರ ಕೊಡುವುದು ಪಾಪ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ, ಉಳ್ಳವರು ಅಂಗಡಿಗಳಿಂದ ಚೀಲಗಟ್ಟಲೆ ಒಯ್ದರು. ಇಲ್ಲದವರು ಬರಿಗಾಲಿನಲ್ಲಿ ಊರುಗಳಿಗೆ ನಡೆದರು. ಒಬ್ಬರ ಸಂಗ್ರಹ ಇನ್ನೊಬ್ಬರ ಹಸಿವಾಗುವುದಾದರೆ ಅದು ಸ್ವಾವಲಂಬನೆಯಲ್ಲ, ದೋಚುವುದು. ಸುಭಿಕ್ಷದ ಕಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಡುವುದೇ ಸಂಗ್ರಹ. ಆಪತ್ತು ಬಾಗಿಲಿಗೆ ಬಂದಾಗ ಬಾಚಿಕೊಳ್ಳುವುದು ಸಂಗ್ರಹವಲ್ಲ. ಅಡಿಗೆಗೆ ಅಳೆಯುವಾಗ ದಿನಕ್ಕೆ 50 ಗ್ರಾಂ ಕಾಳನ್ನು, ಅಂದರೆ ಒಂದು ಹಿಡಿಯನ್ನು, ಬೇರೆ ತೆಗೆದಿಟ್ಟರೆ ವರ್ಷಕ್ಕೆ 18 ಕಿಲೋಗ್ರಾಂ ಆಗುತ್ತದೆ. ಒಂದು ಹಿಡಿಯೂ ಉಳಿಯದ ಮನೆಗಳೂ ಉಂಟು. ಅಂಥ ಮನೆಗೆ ಓಣಿಯೇ ಗಂಟಾಗಬೇಕು. ಅಜ್ಜಿಯ ಮೂವತ್ತು ರೊಟ್ಟಿಯಲ್ಲಿ ನೆರೆಮನೆಯ ಒಂಬತ್ತು ಜನರ ಪಾಲು ಇತ್ತೆಂಬುದನ್ನು ಮರೆಯಬಾರದು. ಅಂತೆಯೇ ಅವರ ಮನೆಯ ಮಗನು ಈಜಿ ಹೋಗಿ ನಮ್ಮ ಕರುವನ್ನು ತಂದನು.

ಇನ್ನೊಂದು ಮಾತು. ಇದೆಲ್ಲವನ್ನೂ ಮನೆಯ ಹೆಂಗಸರ ಮೇಲೆ ಹೊರಿಸಿ ಗಂಡಸರು ನಿಶ್ಚಿಂತರಾಗಿರುವುದು ನಮ್ಮಲ್ಲಿ ರೂಢಿ. ಉಪ್ಪಿನಕಾಯಿ ಹಾಕುವವಳು ಅವಳು, ಹಪ್ಪಳ ಒಣಗಿಸುವವಳು ಅವಳು, ಕಾಗದ ಜೋಪಾನ ಮಾಡುವವಳೂ ಅವಳೇ. ಅವಳು ಊರಲ್ಲಿಲ್ಲದ ದಿನ ಆಪತ್ತು ಬಂದರೆ? ಗಂಟು ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಮನೆಯ ಹತ್ತು ವರ್ಷದ ಮಗುವಿಗೂ ತಿಳಿದಿರಬೇಕು. ಅಂತೆಯೇ ಮುಖ್ಯ ಗುಂಡಿಯನ್ನು ಆರಿಸುವುದು ಹೆಣ್ಣುಮಕ್ಕಳಿಗೂ, ರೊಟ್ಟಿ ಬಡಿಯುವುದು ಗಂಡುಮಕ್ಕಳಿಗೂ ಬರಬೇಕು. ನಾನು ಕಲಿತಿದ್ದೇನೆ, ನನ್ನ ರೊಟ್ಟಿ ದುಂಡಾಗಿಲ್ಲ, ಆದರೆ ಕೆಡುವುದಿಲ್ಲ.

ನಮ್ಮ ಕಾಲೇಜಿಗೂ ಇದರಲ್ಲಿ ಪಾತ್ರವಿದೆಯೆಂದು ನನ್ನ ನಮ್ರ ಅಭಿಪ್ರಾಯ. ರಾಷ್ಟ್ರೀಯ ಸೇವಾ ಯೋಜನೆಯು 1969ರಲ್ಲಿ ಆರಂಭವಾದಂದಿನಿಂದ ಎಷ್ಟೋ ಶಿಬಿರಗಳು ನಡೆದಿವೆ. ಗಿಡ ನೆಟ್ಟಿದ್ದೇವೆ, ಚರಂಡಿ ಬಳಿದಿದ್ದೇವೆ. ಮುಂದಿನ ಶಿಬಿರದಲ್ಲಿ ಒಂದು ದಿನವನ್ನು ಮನೆಮನೆಗೆ ಹೋಗಿ ಔಷಧದ ಚೀಟಿ ಬರೆದುಕೊಡಲು ಮೀಸಲಿಡಬಾರದೇಕೆ? ನಾವು ಕಲಾ ವಿಭಾಗದವರು. ಸೇತುವೆ ಕಟ್ಟಲು ಬಾರದು, ಚಿಕಿತ್ಸೆ ಮಾಡಲು ಬಾರದು. ಆದರೆ ಓದಲು ಬರೆಯಲು ಬರುತ್ತದೆಯಷ್ಟೆ? ಓದು ಬಾರದ ಒಬ್ಬ ರೈತನ ಮಾತ್ರೆಯ ಹೆಸರನ್ನು ದುಂಡಾದ ಕನ್ನಡ ಅಕ್ಷರದಲ್ಲಿ ಬರೆದು ಅವನ ಜೇಬಿನಲ್ಲಿಟ್ಟರೆ, ಅದು ಒಂದು ಪದವಿಗೆ ತಕ್ಕ ಕೆಲಸವೆಂದು ನಾನು ನಂಬಿದ್ದೇನೆ.

ಅಜ್ಜಿ ಈಗ ಇಲ್ಲ. ಗಂಟು ಅದೇ ಗೂಟದಲ್ಲಿದೆ. ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ ಅದನ್ನು ಇಳಿಸಿ, ರೊಟ್ಟಿ ಬದಲಿಸಿ, ಮಾತ್ರೆ ನೋಡಿ, ಚೀಟಿ ತಿದ್ದಿ, ಮತ್ತೆ ಕಟ್ಟುವ ಕೆಲಸ ನನ್ನದಾಗಿದೆ. ಹೊಸ ಜೋಳದಲ್ಲಿ ಅರ್ಧ ಈಗ ಹಗೇವಿಗೆ, ಅರ್ಧ ಮಾಳಿಗೆಯ ಮೇಲಿನ ತಗಡಿನ ಪೀಪಾಯಿಗಳಿಗೆ ಹೋಗುತ್ತದೆ. ಆಪತ್ತು ಬರಲೆಂದು ಯಾರೂ ಬಯಸುವುದಿಲ್ಲ. ಗಂಟು ಬಿಚ್ಚುವ ಪ್ರಸಂಗ ನಮ್ಮ ಜೀವಮಾನದಲ್ಲಿ ಮತ್ತೆ ಬಾರದಿದ್ದರೆ ಅದಕ್ಕಿಂತ ಸಂತೋಷವಿಲ್ಲ. ಈ ರಜೆಯಲ್ಲಿ ಊರಿಗೆ ಹೋದಾಗ ಮಿತ್ರರು ತಮ್ಮ ಮನೆಯ ಹಿರಿಯರೊಡನೆ ಕುಳಿತು ಅಂಥದೊಂದು ಗಂಟನ್ನು ಕಟ್ಟಲಿ. ಹಳೆಯ ಗಂಟಿದ್ದರೆ ಬಿಚ್ಚಿ ನೋಡಲಿ. ಅದರಲ್ಲಿ ಇಲ್ಲದಿರುವುದು ಏನೆಂದು ಕಂಡುಹಿಡಿದು ಸೇರಿಸುವುದು ಓದಿದವರಾದ ನಮ್ಮ ಕೆಲಸ. ಇಷ್ಟನ್ನು ಹತ್ತು ಮನೆಗಳಲ್ಲಿ ಮಾಡಿದರೂ ನನ್ನ ಬರಹ ಸಾರ್ಥಕವಾಯಿತೆಂದು ತಿಳಿಯುತ್ತೇನೆ.